ನೀರು ಹೊರುವುದು ಬಿಟ್ಟು ಸೇದಲು ಶುರು ಮಾಡಿದೆ

ನನ್ನ ತೋಟ ಇರುವುದು ಗುಡ್ಡದ ಮೇಲೆ, ನೀರು ಇರುವುದು ಕೆಳಗಿನ ತೊರೆಯಲ್ಲಿ. ಕರೆಂಟ್ ಇಲ್ಲ. ಗಾಡಿ ಹೋಗುವ ದಾರಿಯೂ ಇಲ್ಲ. ತೊರೆಯಿಂದ ತೋಟಕ್ಕೆ ಸುತ್ತಿ ಬಳಸಿ ಹತ್ತುವ ಕಾಲುದಾರಿ 180 ಮೀಟರ್. ಎತ್ತರದ ವ್ಯತ್ಯಾಸ 12 ಮೀಟರ್. ಇದನ್ನು ಅಂದಾಜಿನಲ್ಲಿ ಹೇಳುತ್ತಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿಯುತ್ತಾರಲ್ಲ, ಅದನ್ನೇ ಹಿಡಿದು ಹಂತ ಹಂತವಾಗಿ ಅಳೆದಿದ್ದೇನೆ. ಆ ಅಳತೆ ಮೊದಲೇ ಮಾಡಿದ್ದರೆ ಎಷ್ಟೋ ದುಡಿಮೆ ಉಳಿಯುತ್ತಿತ್ತು.

ಮೊದಲ ಬೇಸಿಗೆ ಪೂರ್ತಿ ಹೊತ್ತೆ. ಎರಡು ಕೈಗೆ 10 ಲೀಟರಿನ ಎರಡು ಕ್ಯಾನ್. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಹಾಗಾಗಿ ಸಲಕ್ಕೆ 20 ಕೆಜಿ. ದಿನಕ್ಕೆ ಆರು ಸಲ, 120 ಲೀಟರ್. ಮೂರನೇ ಸಲಕ್ಕೆ ಹಿಡಿಕೆ ಬೆರಳಿನ ಗೆಣ್ಣಿಗೆ ಒತ್ತಿ ಕೈ ಬಿಳಿಚಿಕೊಳ್ಳುತ್ತಿತ್ತು. ಹಿಡಿಕೆಗೆ ಹಳೇ ಪೈಪಿನ ತುಂಡು ಸೀಳಿ ಹಾಕಿದೆ, ಬೆರಳು ಉಳಿಯಿತು. ಆಮೇಲೆ ಭುಜ ನೋಯಲು ಶುರುವಾಯಿತು.

ಅಡ್ಡೆ ಮಾಡಿಕೊಂಡೆ. ಒಂದು ಗಟ್ಟಿ ಬಿದಿರು, ಎರಡು ತುದಿಗೆ ಹಗ್ಗ, ಎರಡು ಬಕೆಟ್ಟು. ಅಡ್ಡೆ ನಿಜಕ್ಕೂ ಒಳ್ಳೆಯದು, ಕೈಯ ಭಾರ ಹೆಗಲಿಗೆ ಬರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಆದರೆ ಬಾಯಿ ತೆರೆದ ಬಕೆಟ್ಟಿನಲ್ಲಿ ನೀರು ಹೆಜ್ಜೆಗೆ ಸರಿಯಾಗಿ ತೂಗುತ್ತದೆ. ನಡಿಗೆಯ ಲಯಕ್ಕೂ ನೀರಿನ ಲಯಕ್ಕೂ ಹೊಂದಿಕೆ ಆಯಿತು ಅಂದರೆ ಮುಗಿಯಿತು, ಪ್ರತಿ ಹೆಜ್ಜೆಗೂ ತುಳುಕು ದೊಡ್ಡದಾಗುತ್ತಾ ಹೋಗುತ್ತದೆ. ಇದಕ್ಕೆ ಎಲೆ ಇರುವ ಒಂದು ರೆಂಬೆ ಮುರಿದು ನೀರಿನ ಮೇಲೆ ತೇಲಿಬಿಡಬೇಕು. ಅಲೆ ಎಲೆಗಳ ನಡುವೆ ಒಡೆದುಹೋಗುತ್ತದೆ. ಅಷ್ಟೇ ಉಪಾಯ, ಆದರೆ ಮೇಲೆ ತಲುಪುವ ನೀರಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಮುಚ್ಚಳದ ಕ್ಯಾನ್ ಆದರೆ ಕುತ್ತಿಗೆವರೆಗೆ ತುಂಬಿ. ಅರ್ಧ ತುಂಬಿದ ಕ್ಯಾನಿನೊಳಗೆ ನೀರು ಅತ್ತಿತ್ತ ನುಗ್ಗಿ ಕಡಿದಾದ ಜಾಗದಲ್ಲಿ ನಮ್ಮನ್ನೇ ಎಳೆಯುತ್ತದೆ.

ಸಮತಟ್ಟಾದ ದಾರಿ ಇರುವವರಿಗೆ ಉರುಳಿಸುವುದೇ ಸುಲಭ. ದಕ್ಷಿಣ ಆಫ್ರಿಕಾದಲ್ಲಿ 1991ರಲ್ಲಿ ರೂಪಿಸಿದ ಹಿಪ್ಪೋ ರೋಲರ್ ಅನ್ನುವ ಪೀಪಾಯಿ 90 ಲೀಟರ್ ಹಿಡಿಯುತ್ತದೆ. ನೀರಿನ ಭಾರವೆಲ್ಲ ನೆಲದ ಮೇಲೆ, ನಾವು ಹಿಡಿಕೆ ಹಿಡಿದು ದೂಡಿದರೆ ಸಾಕು. ನನ್ನ ದಾರಿಯಲ್ಲಿ ಕಲ್ಲು, ಬೇರು, ತಿರುವು ಜಾಸ್ತಿ. ಅಲ್ಲಿ ಯಾವ ಚಕ್ರವೂ ನಡೆಯಲಿಲ್ಲ.

ಎರಡನೇ ಬೇಸಿಗೆಗೆ ಮುಂಚೆ ಒಂದು ಕೈಪಂಪು ತಂದೆ. ತೋಟದ ಅಂಚಿನಲ್ಲಿ ಕೂರಿಸಿ ತೊರೆಗೆ ಪೈಪು ಇಳಿಬಿಟ್ಟೆ. ಅರ್ಧ ದಿನ ಒತ್ತಿದೆ. ಪೈಪಿನಲ್ಲಿ ನೀರು ಸ್ವಲ್ಪ ದೂರ ಏರಿ ನಿಲ್ಲುತ್ತಿತ್ತು, ಮೇಲಕ್ಕೆ ಮಾತ್ರ ಬರಲಿಲ್ಲ. ವಾಶರ್ ಹೋಗಿದೆ ಅಂದುಕೊಂಡು ಬದಲಾಯಿಸಿದೆ. ಪೈಪಿನ ಜಾಯಿಂಟುಗಳನ್ನೆಲ್ಲ ಬಿಗಿದೆ. ತಪ್ಪು ಪಂಪಿನದಾಗಿರಲಿಲ್ಲ. ಮೇಲೆ ಕೂತ ಪಂಪು ನೀರನ್ನು ಎಳೆಯುವುದಿಲ್ಲ, ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೇ. ನೀರನ್ನು ಮೇಲೆ ದೂಡುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲೂ ಆ ಒತ್ತಡ ನೀರನ್ನು ಹೆಚ್ಚೆಂದರೆ 10 ಮೀಟರ್ ಚಿಲ್ಲರೆ ಎತ್ತಬಲ್ಲದು. ಕೈಪಂಪಿನಲ್ಲಿ ನಿಜವಾಗಿ ಸಿಗುವುದು 7 ಮೀಟರ್ ಆಸುಪಾಸು. ನನಗೆ ಬೇಕಿದ್ದದ್ದು 12. ಪಂಪನ್ನು ಕೆಳಗಿಟ್ಟು ನೀರನ್ನು ಮೇಲಕ್ಕೆ ದೂಡಬಹುದು, ಆದರೆ ಅದಕ್ಕೆ ಒತ್ತಡ ತಡೆಯುವ ಬೇರೆ ಬಗೆಯ ಪಂಪೇ ಬೇಕು. ನೀವು ಪಂಪು ಕೊಳ್ಳುವ ಮೊದಲು ದಯವಿಟ್ಟು ಎತ್ತರ ಅಳೆಯಿರಿ.

ಮತ್ತೆ ಹೊರಲು ಶುರು ಮಾಡಿದೆ. ಒಂದು ಸಂಜೆ ಸುಸ್ತಾಗಿ ಕೂತು ಲೆಕ್ಕ ಹಾಕಿದೆ. ನನ್ನ ತೂಕ 60 ಕೆಜಿ, ನೀರು 20 ಕೆಜಿ. ಪ್ರತಿ ಸಲ ನನ್ನ ಕಾಲು ಎತ್ತುತ್ತಿದ್ದದ್ದು 80 ಕೆಜಿ. ಆರು ಸಲಕ್ಕೆ 480 ಕೆಜಿ. ಅದರಲ್ಲಿ ನೀರು 120, ಉಳಿದ 360 ನಾನೇ! ದುಡಿಮೆಯ ಮುಕ್ಕಾಲು ಭಾಗ ನನ್ನ ಮೈಯನ್ನೇ ಗುಡ್ಡ ಹತ್ತಿಸಲು ಹೋಗುತ್ತಿತ್ತು.

ಬಾವಿಯಿಂದ ನೀರು ತೆಗೆಯಲು ಯಾರೂ ಬಾವಿಯೊಳಗೆ ಇಳಿಯುವುದಿಲ್ಲ ಅಲ್ವಾ? ಮೇಲೆ ನಿಂತು ಸೇದುತ್ತಾರೆ. ಈ ಗುಡ್ಡವೂ ಓರೆಯಾಗಿ ಮಲಗಿದ ಒಂದು ಬಾವಿ ಅಂತ ಆವತ್ತು ಹೊಳೆಯಿತು.

ಮುಂದಿನ ಕೆಲಸಕ್ಕೆ ಮೂರು ವಾರ ಹಿಡಿಯಿತು. ತೋಟದ ಅಂಚಿನಿಂದ ತೊರೆಯ ಮಡುವಿಗೆ ನೇರವಾಗಿ ಒಂದು ಉಕ್ಕಿನ ತಂತಿ ಕಟ್ಟಿದೆ. ಸುತ್ತು ದಾರಿ 180 ಮೀಟರ್ ಇದ್ದರೂ ನೇರ ದಾರಿ 32 ಮೀಟರ್ ಮಾತ್ರ. ಕೆಳತುದಿಯನ್ನು ಮಡುವಿನ ಆಚೆಯ ಬಂಡೆಗೆ ಸಾಕಷ್ಟು ತಗ್ಗಿನಲ್ಲಿ ಕಟ್ಟಿದೆ, ತೂಗುವ ಬಕೆಟ್ಟು ಅಲ್ಲಿಗೆ ಬಂದಾಗ ನೀರಿನಲ್ಲಿ ಮುಳುಗಬೇಕು. ತಂತಿಯ ಮೇಲೆ ಓಡುವ ಗಡಗಡೆ, ಅದಕ್ಕೆ ತೂಗುಬಿಟ್ಟ ಬಕೆಟ್ಟು, ಗಡಗಡೆಗೆ ಕಟ್ಟಿ ನನ್ನ ಕೈಗೆ ಬರುವ ಹಗ್ಗ. ಇಷ್ಟೇ.

ತಂತಿ ಬಿಗಿಯುವಲ್ಲಿ ಎಡವಿದೆ. ವೀಣೆಯ ತಂತಿಯ ಹಾಗೆ ಬಿಗಿಯಾಗಿರಬೇಕು ಅಂದುಕೊಂಡಿದ್ದೆ. ಎರಡನೇ ದಿನವೇ ಮೇಲಿನ ಕಂಬ ಬುಡದಿಂದ ಮಣ್ಣು ಎಬ್ಬಿಸಿಕೊಂಡು ಮುಂದಕ್ಕೆ ವಾಲಿತು. ನೋಡಿ, ಬಕೆಟ್ಟು ನಡುವೆ ಬಂದಾಗ ತಂತಿ ಅರ್ಧ ಮೀಟರ್ ಮಾತ್ರ ಜಗ್ಗುವಷ್ಟು ಬಿಗಿ ಇದ್ದರೆ, 15 ಕೆಜಿ ಭಾರಕ್ಕೇ ತಂತಿಯ ಎಳೆತ 200 ಕೆಜಿ ದಾಟುತ್ತದೆ. ಒಂದೂವರೆ ಮೀಟರ್ ಜಗ್ಗಲು ಬಿಟ್ಟರೆ ಅದು 75 ಕೆಜಿ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಸಡಿಲ ಬಿಟ್ಟೆ. ಕಂಬವನ್ನು ಆಳವಾಗಿ ನೆಟ್ಟು, ಹಿಂದಕ್ಕೆ ಎಳೆದು ಒಂದು ಗೂಟಕ್ಕೂ ಕಟ್ಟಿದೆ. ಜಗ್ಗಿದ ತಂತಿಯಲ್ಲಿ ಕೊನೆಯ ನಾಲ್ಕೈದು ಮೀಟರ್ ಏರು ಜಾಸ್ತಿ ಆಗುತ್ತದೆ. ಅದನ್ನು ಸಹಿಸಿಕೊಳ್ಳಬಹುದು. ಕಿತ್ತು ಬಂದ ಕಂಬದ ಮುಂದೆ ನಿಲ್ಲುವ ಅಪಾಯ ಬೇಡ.

ಬಕೆಟ್ಟು ತಾನಾಗಿ ತುಂಬಬೇಕಲ್ಲ, ಕೆಳಗೆ ಯಾರೂ ಇಲ್ಲ. ಬಕೆಟ್ಟಿನ ತಳದಲ್ಲಿ ಮೂರು ಬೆರಳಗಲದ ತೂತು ಕೊರೆದೆ. ಒಳಗಿನಿಂದ ಅದರ ಮೇಲೆ ಹಳೇ ಟಯರ್ ಟ್ಯೂಬಿನ ರಬ್ಬರ್ ತುಂಡು ಮುಚ್ಚಿ, ಒಂದು ಅಂಚನ್ನು ಮಾತ್ರ ಬೋಲ್ಟ್ ಹಾಕಿ ಬಿಗಿದೆ. ನೀರಿಗೆ ಇಳಿದಾಗ ನೀರು ಕೆಳಗಿನಿಂದ ರಬ್ಬರನ್ನು ಎತ್ತಿ ಒಳಗೆ ಬರುತ್ತದೆ. ಮೇಲೆತ್ತಿದಾಗ ಒಳಗಿನ ನೀರೇ ರಬ್ಬರನ್ನು ಒತ್ತಿ ಮುಚ್ಚುತ್ತದೆ. ಮೊದಲ ರಬ್ಬರ್ ತೆಳು ಇತ್ತು. ನೀರಿನ ಭಾರಕ್ಕೆ ತೂತಿನೊಳಗೇ ಮಡಚಿಕೊಂಡಿತು, ಮೇಲೆ ಬರುವಷ್ಟರಲ್ಲಿ ಬಕೆಟ್ಟು ಖಾಲಿ. ರಬ್ಬರ್ ಮೇಲೆ ಒಂದು ತಗಡಿನ ಬಿಲ್ಲೆ ಕೂರಿಸಿದ ಮೇಲೆ ಸರಿಹೋಯಿತು. ಈಗಲೂ ಹನಿ ಹನಿ ಸೋರುತ್ತದೆ, ಪರವಾಗಿಲ್ಲ. ಪ್ಲಾಸ್ಟಿಕ್ ಬಕೆಟ್ಟು ತೇಲಬಾರದು ಅಂತ ತಳದ ಬದಿಗೆ ಒಂದು ಕಲ್ಲನ್ನೂ ಕಟ್ಟಿದ್ದೇನೆ.

ಹಗ್ಗದ ಮೇಲೆ ಒಂದು ಕಡೆ ಕೆಂಪು ಬಟ್ಟೆ ಸುತ್ತಿದೆ. ಆ ಬಟ್ಟೆ ನನ್ನ ಕೈ ದಾಟಿತು ಅಂದರೆ ಬಕೆಟ್ಟು ಮಡುವಿನ ಹತ್ತಿರ ಬಂತು ಅಂತ ಅರ್ಥ. ಅಲ್ಲಿಂದ ನಿಧಾನ. ಹಗ್ಗ ಒಂದು ಕ್ಷಣ ಸಡಿಲವಾಗುತ್ತದೆ. ಕೆಳಗಿನಿಂದ ಗುಳುಗುಳು ಸದ್ದು ಬರುತ್ತದೆ. ಹತ್ತು ಎಣಿಸಿ ಎಳೆದರೆ ಕೈಗೆ ಭಾರ ಬರುತ್ತದೆ. ಮೂರು ವಾರದ ಕೆಲಸದ ನಂತರ ಆ ಭಾರ ಮೊದಲ ಸಲ ಕೈಗೆ ಬಂದಾಗ ಆದ ಖುಷಿ ಇನ್ನೂ ನೆನಪಿದೆ.

ಒಂದು ಸಲಕ್ಕೆ 12 ಲೀಟರ್ ಬರುತ್ತದೆ. ಬಕೆಟ್ಟು, ಕಲ್ಲು, ಗಡಗಡೆ ಸೇರಿ 15 ಕೆಜಿ. ಓರೆಯಾಗಿ ಎಳೆಯುವುದರಿಂದ ಭಾರದ ಬಹುಪಾಲು ತಂತಿಯ ಮೇಲೆ ಇರುತ್ತದೆ, ನನ್ನ ಕೈಗೆ ಬರುವುದು ತಿಕ್ಕಾಟ ಸೇರಿ 7-8 ಕೆಜಿ. ಹತ್ತು ಸಲ ಸೇದಿದರೆ 120 ಲೀಟರ್. ಅರ್ಧ ಗಂಟೆ ಸಾಕು. ಹೊರುವಾಗ ಇದೇ ನೀರಿಗೆ ಒಂದೂವರೆ ಗಂಟೆ ಬೇಕಿತ್ತು.

ಖಾಲಿ ಬಕೆಟ್ಟನ್ನು ಕೆಳಗೆ ಬಿಡುವಾಗ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಸುತ್ತಿ ಬಿಡಿ. ಸುಮ್ನೆ ಕೈಯಲ್ಲಿ ಬಿಟ್ಟರೆ ಹಗ್ಗ ಅಂಗೈ ಸುಲಿಯುತ್ತದೆ. ಕೈಗವಸು ಹಾಕಲೇಬೇಕು. ತಂತಿಯ ಕೆಳಗೆ ಯಾರೂ ಓಡಾಡಬಾರದು. ಮೋಡ ಕಂಡರೆ ಬಕೆಟ್ಟನ್ನು ಮೇಲೆಳೆದು ಕಟ್ಟಿಬಿಡುತ್ತೇನೆ. ತೊರೆ ಉಕ್ಕಿದಾಗ ಒಂದು ಬಕೆಟ್ಟು, ಗಡಗಡೆ ಸಮೇತ ಕೊಚ್ಚಿಹೋಗಿತ್ತು.

ಸೇದಿದ ನೀರು ಮೇಲೆ ಒಂದು ಡ್ರಮ್ಮಿಗೆ ಬೀಳುತ್ತದೆ. 200 ಲೀಟರ್ ಡ್ರಮ್ ತುಂಬಿದರೆ 200 ಕೆಜಿ, ಹಾಗಾಗಿ ಕಟ್ಟೆ ಗಟ್ಟಿಯಾಗಿರಲಿ. ಬೆಳಕು ಬಿದ್ದರೆ ಪಾಚಿ, ಬಾಯಿ ತೆರೆದಿದ್ದರೆ ಸೊಳ್ಳೆ, ಆದ್ದರಿಂದ ಮುಚ್ಚಳ ಬೇಕೇ ಬೇಕು. ಅಲ್ಲಿಂದ ಪಾತಿಗೆ ನೀರು ತಾನಾಗಿ ಇಳಿಯುತ್ತದೆ. ನಲ್ಲಿ ಕೂರಿಸುವ ಮುಂಚೆ ಎಷ್ಟೋ ದಿನ ಬರೀ ಪೈಪಿನಿಂದ ಇಳಿಸಿದೆ. ಪೈಪನ್ನು ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿ ಗಾಳಿ ಹೋಗಲು ಬಿಡಬೇಕು, ಒಂದು ತುದಿಯನ್ನು ಹೆಬ್ಬೆರಳಲ್ಲಿ ಮುಚ್ಚಿ ಹೊರತಂದು ತಗ್ಗಿನಲ್ಲಿ ಬಿಡಬೇಕು.

ಇಷ್ಟು ಮಾಡಿದರೂ ನೀರು ಸಾಲುತ್ತಿರಲಿಲ್ಲ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬಿಸಿಲಿನಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆರಿಹೋಗುವುದು ಮಾಮೂಲಿ. ನನ್ನ 40 ಚದರ ಮೀಟರ್ ಪೂರ್ತಿ ನೆನೆಸಲು ದಿನಕ್ಕೆ 200 ಲೀಟರ್ ಬೇಕು. ಹಾಗಾಗಿ ನೆಲಕ್ಕೆ ನೀರು ಹಾಕುವುದನ್ನು ಬಿಟ್ಟು ಗಿಡಕ್ಕೆ ಹಾಕಲು ಶುರು ಮಾಡಿದೆ. ಪ್ರತಿ ಗಿಡಕ್ಕೂ ತಗ್ಗಾದ ಪಾತಿ, ಪಾತಿಯ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ತರಗೆಲೆ. ದಿನಾ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕಿದ್ದು ನನ್ನಲ್ಲಿ ಚೆನ್ನಾಗಿ ನಡೆಯಿತು. ನೀರು ಹಾಕುವ ಮೊದಲು ತರಗೆಲೆ ಸರಿಸಿ ಬೆರಳನ್ನು ಮಣ್ಣಿನೊಳಗೆ ಎರಡು ಗೆಣ್ಣಿನವರೆಗೆ ಇಳಿಸುತ್ತೇನೆ. ತಣ್ಣಗೆ ಅಂಟಿದರೆ ಆ ಗಿಡಕ್ಕೆ ಆವತ್ತು ಬೇಡ.

ನನಗೆ ತುಂಬಾ ಇಷ್ಟವಾದದ್ದು ಹೂತಿಟ್ಟ ಮಡಕೆ. ಚೀನಾದಲ್ಲಿ 2000 ವರ್ಷಗಳ ಹಿಂದೆಯೇ ಹೀಗೆ ಬೆಳೆ ತೆಗೆಯುತ್ತಿದ್ದರು. ಹೊಳಪು ಬಳಿಯದ ಸಾದಾ ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂಳಿ, ಸುತ್ತ ಗಿಡ ನೆಟ್ಟು, ನೀರು ತುಂಬಿ ಬಾಯಿ ಮುಚ್ಚಬೇಕು. ಮಣ್ಣು ಒಣಗಿದಷ್ಟೂ ಮಡಕೆಯ ಗೋಡೆಯಿಂದ ನೀರು ಎಳೆದುಕೊಳ್ಳುತ್ತದೆ, ತೇವ ಇದ್ದರೆ ನಿಲ್ಲುತ್ತದೆ. ಬಗ್ಗಡ ನೀರು ಹಾಕಿದರೆ ಮಡಕೆಯ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ, ಬಟ್ಟೆಯಲ್ಲಿ ಸೋಸಿ ಹಾಕಿ. ಹಂಗಾಮು ಮುಗಿದ ಮೇಲೆ ಒಂದು ಮಡಕೆಯನ್ನು ಅಗೆದು ತೆಗೆದೆ. ಕುಂಬಳದ ಬೇರು ಮಡಕೆಯ ಹೊಟ್ಟೆಯ ಸುತ್ತ ಬಿಳಿ ಬಲೆಯ ಹಾಗೆ ಒತ್ತಾಗಿ ಹಬ್ಬಿತ್ತು. ಉಗುರಿನಲ್ಲಿ ಕೆರೆದರೂ ಸುಲಭವಾಗಿ ಬಿಡಲಿಲ್ಲ. ಅದನ್ನು ಹಾಗೇ ಮತ್ತೆ ಹೂಳಿದೆ.

ಈ ವರ್ಷ 16 ಮಡಕೆ ಇವೆ. ದಿನಕ್ಕೆ ಐದು ಬಕೆಟ್ಟು ಸೇದಿದರೆ ತೋಟಕ್ಕೆ ಸಾಕಾಗುತ್ತಿದೆ.