ಮಂಡಿ ನೋವಿಗೆ ಜೆಲ್: ನಾನು ಹಚ್ಚುವ ರೀತಿ

"ಜೆಲ್ ಹಚ್ಚಿದೆ, ಏನೂ ಪ್ರಯೋಜನ ಆಗ್ಲಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ. ಎಷ್ಟು ಹಚ್ಚಿದ್ರಿ? ದಿನಕ್ಕೆ ಎಷ್ಟು ಸಲ? ಬಿಡದೆ ಎಷ್ಟು ದಿನ? ಹೆಚ್ಚಿನವರು ನೋವು ಜಾಸ್ತಿಯಾದ ದಿನ ಕಡಲೆಕಾಳಿನಷ್ಟು ಸವರಿಕೊಳ್ಳುತ್ತಾರೆ, ಮರುದಿನ ಮರೆತುಬಿಡುತ್ತಾರೆ. ಹಾಗೆ ಹಚ್ಚಿದರೆ ಅದು ಕೆಲಸ ಮಾಡುವುದಿಲ್ಲ. ಜೆಲ್ ಕೂಡ ಮಾತ್ರೆಯ ಹಾಗೇ ಔಷಧ. ಅದಕ್ಕೂ ಅಳತೆ ಇದೆ, ಹೊತ್ತು ಇದೆ.

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದವಳು. ಮನೆ ಹನುಮಂತನಗರದಲ್ಲಿ. ಇಲ್ಲಿಯ ರಸ್ತೆಗಳೆಲ್ಲ ಏರು, ಇಳಿಜಾರು. ಸವೆದ ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ, ಗಾಂಧಿಬಜಾರಿನಿಂದ ತರಕಾರಿ ಚೀಲ ಹಿಡಿದು ಬರುವಾಗಂತೂ ಹೇಳುವುದೇ ಬೇಡ. ನನ್ನ ಎರಡೂ ಮಂಡಿ ಸವೆದಿವೆ, ಎಡಗಡೆಯದು ಜಾಸ್ತಿ. ಬಲಗೈ ಹೆಬ್ಬೆರಳಿನ ಬುಡದ ಕೀಲೂ ಹಾಗೇ ಆಗಿದೆ. ಚಪಾತಿ ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ, ಡಬ್ಬಿಯ ಮುಚ್ಚಳ ತಿರುಗಿಸುವಾಗ ಚುಚ್ಚುತ್ತದೆ.

ನಾನು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಹೊಟ್ಟೆ ಉರಿಯೂ ಇದೆ. ಅದಕ್ಕೇ ಆರ್ಥೋ ಡಾಕ್ಟರು ನೋವಿನ ಮಾತ್ರೆ ದಿನಾ ನುಂಗುವುದು ಬೇಡ ಎಂದರು. ಆ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿ.ಪಿ. ಏರಬಹುದು, ಕಿಡ್ನಿಗೂ ಒಳ್ಳೆಯದಲ್ಲ. ಅದರ ಬದಲು ನೋವು, ಉರಿಯೂತ ತಗ್ಗಿಸುವ ಡೈಕ್ಲೋಫೆನಾಕ್ ಜೆಲ್ ಬರೆದುಕೊಟ್ಟರು. ಚರ್ಮದ ಮೂಲಕ ರಕ್ತಕ್ಕೆ ಸೇರುವ ಔಷಧ, ಅದೇ ಔಷಧದ ಮಾತ್ರೆ ನುಂಗಿದಾಗ ಸೇರುವುದರಲ್ಲಿ ನೂರಕ್ಕೆ ಆರರಷ್ಟು ಮಾತ್ರ. ಮಂಡಿ ಮತ್ತು ಕೈಬೆರಳಿನ ಕೀಲುಗಳು ಚರ್ಮಕ್ಕೆ ಹತ್ತಿರ ಇರುವುದರಿಂದ ಅಲ್ಲಿ ಜೆಲ್ ಚೆನ್ನಾಗಿ ನಾಟುತ್ತದೆ.

ಟ್ಯೂಬಿನ ಮೇಲಿರುವ ಸಣ್ಣ ಅಕ್ಷರ ಓದಿಯೇ ಕೊಳ್ಳುವುದು ನನ್ನ ರೂಢಿ. ಡೈಕ್ಲೋಫೆನಾಕ್ ಡೈಎಥೈಲಮೈನ್ 1.16% ಎಂದಿದ್ದರೆ ಅದು ಡೈಕ್ಲೋಫೆನಾಕ್ ಸೋಡಿಯಂ 1%ಗೆ ಸಮ. ಎಷ್ಟೋ ಟ್ಯೂಬುಗಳಲ್ಲಿ ಇದರ ಜೊತೆ ಮೆಂಥಾಲ್, ನೋವಿನ ಬಾಮ್‌ಗಳಲ್ಲಿರುವ ಘಾಟು ವಾಸನೆಯ ಮೀಥೈಲ್ ಸ್ಯಾಲಿಸಿಲೇಟ್ ಕೂಡ ಸೇರಿರುತ್ತದೆ. ಮೆಂಥಾಲ್ ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ, ಹಚ್ಚಿದ ಕೂಡಲೇ ಹಾಯ್ ಎನಿಸುತ್ತದೆ. ಆ ಹಾಯ್ ಎನಿಸುವುದಕ್ಕೆ ಬೆಲೆ ಇದೆ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಒಳಗಿನ ಉರಿಯೂತ ತಗ್ಗಿಸುವುದು ಡೈಕ್ಲೋಫೆನಾಕ್. "ಚುರುಚುರು ಅಂದ್ರೇನೇ ಔಷಧ ಹತ್ತಿದ್ದು" ಎನ್ನುವ ಮಾತು ನಿಜ ಅಲ್ಲ. ನನಗೆ ಸಾದಾ ಜೆಲ್ ಸಾಕು, ಬಸ್ಸಿನಲ್ಲಿ ಪಕ್ಕದವರಿಗೆ ವಾಸನೆಯ ಕಾಟವೂ ಇಲ್ಲ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಮೀಥೈಲ್ ಸ್ಯಾಲಿಸಿಲೇಟ್ ಇರುವುದನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು, ರಕ್ತಸ್ರಾವದ ಅಪಾಯ ಇದೆ.

ಈಗ ಅಳತೆಗೆ ಬರೋಣ. ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ ಮೂರು ನಾಲ್ಕು ಸಲ. ಕೈಯ ಕೀಲಿಗೆ 2 ಗ್ರಾಂ ಸಾಕು. ಗ್ರಾಂ ಅಂದರೆ ಎಷ್ಟು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಅಲ್ವಾ? ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಜೆಲ್ ಒತ್ತಿ ನೋಡಿದೆ. ಕಡಲೆಕಾಳಿನಷ್ಟಕ್ಕೆ ಅಂಕಿ ಅಲುಗಲೇ ಇಲ್ಲ. 4 ಗ್ರಾಂ ಬರುವಷ್ಟರಲ್ಲಿ ಉದ್ದನೆಯ ಎಳೆಯೇ ಆಗಿತ್ತು. ಆ ಉದ್ದವನ್ನು ಒಂದು ರಟ್ಟಿನ ಮೇಲೆ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ಟ್ಯೂಬಿನ ಬಾಯಿ ಬೇರೆ ಬೇರೆ ಅಗಲ ಇರುತ್ತದೆ, ಕಂಪನಿ ಬದಲಾದರೆ ಮತ್ತೆ ತೂಗಿ ನೋಡಬೇಕು.

ಈ ಲೆಕ್ಕದಲ್ಲಿ ಎರಡೂ ಮಂಡಿಗೆ 4 ಗ್ರಾಂನಂತೆ ನಾಲ್ಕು ಸಲ ಹಚ್ಚಿದರೆ ದಿನಕ್ಕೆ 32 ಗ್ರಾಂ. ಅಂದರೆ 30 ಗ್ರಾಂ ಟ್ಯೂಬು ಒಂದು ದಿನಕ್ಕೂ ಬರುವುದಿಲ್ಲ! ಮೈಗೆ ಹಚ್ಚಬಹುದಾದ ಗರಿಷ್ಠ ಮಿತಿಯೂ ಅದೇ 32 ಗ್ರಾಂ. ಪಿಂಚಣಿಯಲ್ಲಿ ಇದು ಆಗುವ ಮಾತಲ್ಲ. ಡಾಕ್ಟರ ಹತ್ತಿರ ಕೇಳಿಕೊಂಡು ಹೀಗೆ ಮಾಡಿದೆ. ಎಡ ಮಂಡಿಗೆ ದಿನಕ್ಕೆ ಮೂರು ಸಲ ಸರಿಯಾದ ಅಳತೆ. ಬಲ ಮಂಡಿಗೆ ಏನೂ ಇಲ್ಲ, ವ್ಯಾಯಾಮ ಮಾತ್ರ. ಹೆಬ್ಬೆರಳಿಗೆ ರಾತ್ರಿ ಒಂದು ಸಲ. ಎರಡೂ ಕಡೆ ಅರೆಬರೆ ಸವರುವುದಕ್ಕಿಂತ ಒಂದು ಕಡೆ ನೆಟ್ಟಗೆ ಹಚ್ಚುವುದು ನನಗೆ ಒಗ್ಗಿತು. ಜನೌಷಧಿ ಕೇಂದ್ರದಲ್ಲಿ ಕಂಪನಿಯ ಹೆಸರು ಹೇಳದೆ ಔಷಧದ ಹೆಸರು ಹೇಳಿ ಕೇಳಿ, ಖರ್ಚು ಬಹಳ ಇಳಿಯುತ್ತದೆ.

ಹೊತ್ತಿನ ವಿಷಯ. ಬೆಳಗ್ಗೆ ಮಂಡಿಗೆ ಶಾಖ ಕೊಟ್ಟುಕೊಂಡು, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತೇನೆ. ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದು, ಕಾಲು ನೀಟಾಗಿ ಚಾಚಿ ಮೇಲೆತ್ತುವುದು. ಆಮೇಲೆ ಸ್ನಾನ. ಮೈ ಒಣಗಿ, ಬಿಸಿ ಆರಿದ ಮೇಲೆ ಜೆಲ್. ಹಚ್ಚಿದ ಮೇಲೆ ಶಾಖ ಕೊಡಬಾರದು, ಬಿಗಿಯಾದ ನೀ ಕ್ಯಾಪ್ ಹಾಕಬಾರದು. ಔಷಧ ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ಇಳಿಯುತ್ತದೆ, ಚರ್ಮವೂ ಕೆರಳುತ್ತದೆ. ಹತ್ತು ನಿಮಿಷ ಹಾಗೇ ಕೂತು, ಆಮೇಲೆ ಸೀರೆ ಇಳಿಬಿಡುತ್ತೇನೆ. ಒಂದು ಗಂಟೆ ನೀರು ಸೋಕಿಸುವುದಿಲ್ಲ. ಮಂಡಿಗೆ ಹಚ್ಚಿದ ಕೈ ತಕ್ಷಣ ತೊಳೆಯಬೇಕು, ಕಣ್ಣಿಗೆ ತಾಗಬಾರದು. ಕೈಗೇ ಹಚ್ಚಿದಾಗ ತೊಳೆಯುವ ಹಾಗಿಲ್ಲ. ಅದಕ್ಕೇ ಹೆಬ್ಬೆರಳಿನದು ಪಾತ್ರೆ ತೊಳೆದು, ಎಲ್ಲ ಕೆಲಸ ಮುಗಿದ ಮೇಲೆ. ಗಾಯ ಇರುವ ಚರ್ಮಕ್ಕೆ ಹಚ್ಚುವುದಿಲ್ಲ, ಹಚ್ಚಿದ ಜಾಗಕ್ಕೆ ಬಿಸಿಲು ಬೀಳಲು ಬಿಡುವುದಿಲ್ಲ.

ಹಚ್ಚಿದ ಮೊದಲ ದಿನವೇ ಫಲ ಕಾಣುವುದಿಲ್ಲ, ಒಂದು ವಾರ ಹಿಡಿಯಬಹುದು. ನನಗೆ ಮೊದಲು ಗೊತ್ತಾದದ್ದು ರಾತ್ರಿ, ಮಗ್ಗುಲು ಬದಲಿಸುವಾಗ ಎಚ್ಚರ ಆಗುವುದು ಕಮ್ಮಿಯಾಯಿತು. ಆಮೇಲೆ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ನಡೆಯುವುದು ಸಲೀಸಾಯಿತು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ನೋವು ತಗ್ಗಿದ್ದರಿಂದ ವ್ಯಾಯಾಮ ತಪ್ಪಲಿಲ್ಲ, ವ್ಯಾಯಾಮದಿಂದ ತೊಡೆಗೆ ಬಲ ಬಂತು. ನನಗೆ ದೊಡ್ಡ ಲಾಭ ಅದೇ. ಮೂರು ವಾರ ಆದರೂ ಬದಲಾವಣೆ ಇಲ್ಲದಿದ್ದರೆ ಸುಮ್ನೆ ಹಚ್ಚುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯಿಂದ ಉಬ್ಬಸ, ಅಲರ್ಜಿ ಆದವರು ಶುರು ಮಾಡುವ ಮೊದಲೇ ಹೇಳಬೇಕು. ಜೆಲ್ ಜೊತೆಗೆ ನೋವಿನ ಮಾತ್ರೆಯನ್ನೂ ತಾವಾಗಿಯೇ ಸೇರಿಸಿಕೊಳ್ಳಬಾರದು.

ಎಲ್ಲ ಕೀಲು ನೋವೂ ಒಂದೇ ಅಲ್ಲ. ನಮ್ಮ ಬೀದಿಯಲ್ಲಿ ಹೂ ಕಟ್ಟುವ ಹೆಂಗಸು ಒಂದು ದಿನ "ಅಕ್ಕ, ನಿಮ್ಮ ಟ್ಯೂಬು ಹೆಸರು ಬರೆದುಕೊಡಿ" ಎಂದರು. ಕೈ ನೋಡಿದೆ. ಎರಡೂ ಕೈಯ ಬೆರಳ ಗಿಣ್ಣುಗಳು ಊದಿದ್ದವು. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಒಂದು ಗಂಟೆಗೂ ಜಾಸ್ತಿ ಬೇಕು ಎಂದರು. ನಾನು ಬರೆದುಕೊಡಲಿಲ್ಲ. "ಇದು ಸವೆತ ಅಲ್ಲದೆ ಇರಬಹುದು, ಮೊದಲು ರಕ್ತ ಪರೀಕ್ಷೆ ಮಾಡಿಸೋಣ ಬಾಮ್ಮ" ಅಂತ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗೊತ್ತಾಯಿತು, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ವಾತ. ಅದಕ್ಕೆ ಮೆಥೋಟ್ರೆಕ್ಸೇಟ್‌ನಂಥ ಔಷಧ ಬೇಗ ಶುರುವಾಗಬೇಕು, ಇಲ್ಲದಿದ್ದರೆ ಕೀಲು ಸೊಟ್ಟಗಾಗುತ್ತದೆ. ಮೇಲೆ ಹಚ್ಚುವ ಜೆಲ್‌ನಿಂದ ಆ ಕಾಯಿಲೆ ನಿಲ್ಲುವುದಿಲ್ಲ.

ನಮ್ಮ ಮನೆಯವರಿಗೂ ಜೆಲ್ ಆಗಿಬರಲಿಲ್ಲ. ಅವರಿಗೆ ಸವೆದಿರುವುದು ಸೊಂಟದ ಕೀಲು. ಅದು ಮಾಂಸದ ಒಳಗೆ ಆಳದಲ್ಲಿದೆ, ಮೇಲಿನಿಂದ ಹಚ್ಚಿದ್ದು ಅಲ್ಲಿಯವರೆಗೆ ಸರಿಯಾಗಿ ಹೋಗುವುದಿಲ್ಲ. ಅವರು ಊರುಗೋಲು ಹಿಡಿಯುತ್ತಾರೆ, ನೋವಿಲ್ಲದ ಕಡೆಯ ಕೈಯಲ್ಲಿ.