ಮನೆಗೆ ಹೋದವರ ಲೆಕ್ಕ

ಉಗಾಂಡಾದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದವರ ನೋಂದಣಿ ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಮೊದಲ ಪಟ್ಟಿ ತೆಗೆದು ನೋಡಿದರೆ, ತೀವ್ರ ಪೆಟ್ಟಿನವರಲ್ಲಿ ಸತ್ತವರು ಬಹಳ ಕಡಿಮೆ. ಅಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲ, ನ್ಯೂರೋಸರ್ಜನ್ ಇಲ್ಲ, ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ನರ್ಸ್. ಇಂಥ ಕಡೆ ಸಾವು ಕಡಿಮೆ ಅಂದರೆ ಅನುಮಾನ ಬರಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಬಂದದ್ದು ಖುಷಿ.

ಪಟ್ಟಿಯನ್ನು ವಾರ್ಡಿನ ಹಿರಿಯ ಸಿಸ್ಟರ್‌ಗೆ ತೋರಿಸಿದೆ. ಅವರು ಮಾತಾಡದೆ ದಪ್ಪ ರಿಜಿಸ್ಟರ್ ತಂದು ಮೇಜಿನ ಮೇಲೆ ಹರಡಿ, ಕೊನೆಯ ಕಾಲಂ ಮೇಲೆ ಬೆರಳಿಟ್ಟರು. ಸಾಲು ಸಾಲಾಗಿ ಒಂದೇ ಬರಹ: ‘ಮನೆಗೆ ಹೋದರು’.

“ಇವರೆಲ್ಲ ವಾಸಿಯಾಗಿ ಹೋದವರು ಅಂದ್ಕೊಂಡ್ರಾ ಡಾಕ್ಟ್ರೇ? ಉಸಿರಿದ್ದಾಗ ಕರ್ಕೊಂಡು ಹೋದ್ರೆ ಯಾವ ಗಾಡಿನಾದ್ರೂ ಹತ್ತಿಸ್ಕೊಳ್ಳತ್ತೆ. ಹೆಣ ಆದ್ಮೇಲೆ ಯಾರು ಹತ್ತಿಸ್ತಾರೆ?”

ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಮನೆಯವರು ರೋಗಿಯನ್ನು ಕರೆದೊಯ್ಯುತ್ತಿದ್ದರು. ಅಂಥವರನ್ನು ನಾನು ‘ಬದುಕಿದವರು’ ಎಂದು ಕಂಪ್ಯೂಟರಿಗೆ ಹಾಕಿದ್ದೆ. ಮರುದಿನವೇ ಆ ಕಾಲಂ ಒಡೆದು ಮೂರು ಮಾಡಿದೆವು: ವೈದ್ಯರು ಕಳಿಸಿದ್ದು, ಮನೆಯವರು ಕೇಳಿ ಕರೆದೊಯ್ದದ್ದು, ಹೇಳದೇ ಹೋದದ್ದು. ಎರಡನೇ ಮತ್ತು ಮೂರನೇ ಗುಂಪಿನವರಿಗೆ ಮೂವತ್ತು ದಿನದ ನಂತರ ಫೋನ್ ಮಾಡುವುದು ಎಂದು ಗೊತ್ತುಮಾಡಿಕೊಂಡೆವು.

ಇಂಥ ಕೆಲಸಕ್ಕೆ ಇಳಿಯುವವರು ಮೊದಲೇ ತಿಳಿದಿರಬೇಕಾದ ಒಂದು ಸಂಗತಿಯಿದೆ. ಜಗತ್ತಿನ ದೊಡ್ಡ ಲೆಕ್ಕಗಳೇ ಒಂದಕ್ಕೊಂದು ಹೊಂದುವುದಿಲ್ಲ. 2016ರಲ್ಲಿ ಹೊಸದಾಗಿ ಮಿದುಳಿಗೆ ಪೆಟ್ಟಾದವರು ಸುಮಾರು 2.7 ಕೋಟಿ ಎಂದು ಜಾಗತಿಕ ರೋಗಭಾರ ಅಧ್ಯಯನ ಹೇಳುತ್ತದೆ. ಇನ್ನೊಂದು ತಂಡ 2018ರಲ್ಲಿ ಪ್ರಕಟಿಸಿದ ಅಂದಾಜು ವರ್ಷಕ್ಕೆ 6.9 ಕೋಟಿ. ಯಾರೂ ಸುಳ್ಳು ಹೇಳುತ್ತಿಲ್ಲ, ಹಿಡಿದ ದಾರಿ ಬೇರೆ. ಎರಡನೆಯವರು ರಸ್ತೆ ಅಪಘಾತದ ಅಂಕಿಗಳಿಂದ ಹೊರಟು, ಅದರಲ್ಲಿ ತಲೆಯ ಪಾಲು ಎಷ್ಟು ಎಂದು ಲೆಕ್ಕ ಕಟ್ಟಿದರು. ಮೊದಲನೆಯದರಲ್ಲಿ ‘ಮಿದುಳಿಗೆ ಪೆಟ್ಟು’ ಸಾವಿನ ಕಾರಣವೇ ಅಲ್ಲ. ಬೈಕಿನಿಂದ ಬಿದ್ದು ತಲೆ ಒಡೆದು ಸತ್ತವನ ಸಾವು ರಸ್ತೆ ಅಪಘಾತದ ಖಾತೆಗೆ ಹೋಗುತ್ತದೆ, ಮರದಿಂದ ಬಿದ್ದವನದು ಬೀಳುವಿಕೆಯ ಖಾತೆಗೆ. ಹಾಗಾಗಿ ಅಲ್ಲಿ ಮಿದುಳಿನ ಹೆಸರಿನಲ್ಲಿ ಸಿಗುವುದು ಪೆಟ್ಟಾದವರ ಸಂಖ್ಯೆ ಮತ್ತು ಅಂಗವೈಕಲ್ಯದ ವರ್ಷಗಳು ಮಾತ್ರ. ಬಡ ದೇಶಗಳಿಗೆ ಬಂದರೆ ಈ ಅಂದಾಜುಗಳ ಕೆಳಗಿರುವ ನೇರ ಮಾಹಿತಿ ತೀರಾ ತೆಳು. ನಮ್ಮ ರಿಜಿಸ್ಟರಿನಂಥ ಒಂದೊಂದು ಪುಸ್ತಕಕ್ಕೂ ಅಲ್ಲಿ ವಿಪರೀತ ತೂಕ ಬಂದುಬಿಡುತ್ತದೆ.

ಆ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗ್ಲಾಸ್ಗೋ ಅಂಕ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಈ ಅಳತೆಗೆ ಯಂತ್ರ ಬೇಡ, ಕರೆಂಟು ಬೇಡ. ಕಣ್ಣು ಬಿಡುತ್ತಾನಾ, ಮಾತಾಡುತ್ತಾನಾ, ಕೈಕಾಲು ಆಡಿಸುತ್ತಾನಾ ಎಂದು ನೋಡಿ 3ರಿಂದ 15ರೊಳಗೆ ಅಂಕ ಕೊಡುವುದು. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟು. ಬಡ ಆಸ್ಪತ್ರೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಒಂದು ಪುಟ ತೆಗೆದರೆ 15, 15, 15. ಇಡೀ ರಾತ್ರಿಯ ಸಾಲುಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ. ಬೆಳಿಗ್ಗೆ ಪಾಳಿ ಮುಗಿಸುವಾಗ ತುಂಬಿದ್ದೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ನರ್ಸ್‌ನ ಬೈಯುವುದರಲ್ಲಿ ಅರ್ಥವಿರಲಿಲ್ಲ. ಆಕೆ ಆ ರಾತ್ರಿ ಡ್ರಿಪ್ ಹಾಕುತ್ತಿದ್ದಳು, ಹೆಣ ಸಾಗಿಸುತ್ತಿದ್ದಳು.

ಫಾರಂನಿಂದ ಮೊತ್ತದ ಮನೆಯನ್ನೇ ಕಿತ್ತುಹಾಕಿದೆ. ಕಣ್ಣಿಗೊಂದು, ಮಾತಿಗೊಂದು, ಕೈಕಾಲಿಗೊಂದು ಮನೆ, ಪಕ್ಕದಲ್ಲಿ ನೋಡಿದ ಹೊತ್ತು. ಕೂಡುವ ಕೆಲಸ ಕಂಪ್ಯೂಟರಿನದು. 15 ಎಂದು ಗೀಚುವುದು ಸುಲಭ. ಮೂರು ಬೇರೆ ಬೇರೆ ಅಂಕ ಬರೆಯಬೇಕೆಂದರೆ ಮಂಚದ ಹತ್ತಿರ ಹೋಗಲೇಬೇಕು. ನೋವಿಗೆ ರೋಗಿ ಕಣ್ಣು ಬಿಡುತ್ತಾನಾ, ಕೈ ಎಳೆದುಕೊಳ್ಳುತ್ತಾನಾ ಎಂದು ನೋಡಲು ಉಗುರಿನ ಬುಡದ ಮೇಲೆ ಪೆನ್ನಿಟ್ಟು ಎಷ್ಟು ಒತ್ತಬೇಕು ಎಂಬುದನ್ನು ನನ್ನ ಬೆರಳನ್ನೇ ಕೊಟ್ಟು ತೋರಿಸಿದೆ. ಒಂದು ವಾರ ಎರಡು ಉಗುರು ನೀಲಿಯಾಗಿದ್ದವು, ಅದು ಬೇರೆ ಮಾತು. ಕುಡಿದು ಬಂದವರದು ಇನ್ನೊಂದು ಕಗ್ಗಂಟು. ಅಂಕ ಇಳಿದದ್ದು ಪೆಟ್ಟಿನಿಂದಲೋ ಹೆಂಡದಿಂದಲೋ? ‘ಕುಡಿದಿದ್ದಾನೆ, ಮಲಗಲಿ’ ಎಂದು ಬಿಟ್ಟವನೇ ಬೆಳಿಗ್ಗೆ ಒಂದು ಕಣ್ಣಿನ ಪಾಪೆ ಅಗಲಿಸಿಕೊಂಡು ಬಿದ್ದಿರುವುದನ್ನು ನೋಡಿದ್ದೇನೆ, ಅದು ತಲೆಯೊಳಗೆ ಒತ್ತಡ ಏರಿದ ಗುರುತು. ಅಂಥವರನ್ನು ಗಂಟೆಗಂಟೆಗೂ ನೋಡಿ ಬರೆಯುವ ನಿಯಮ ಮಾಡಿದೆವು. ಪಾಲನೆ ಅಷ್ಟಕ್ಕಷ್ಟೇ.

ಆಸ್ಪತ್ರೆಯವರೆಗೆ ಬಾರದೇ ಹೋದವರನ್ನು ಹುಡುಕಲು ಶವಾಗಾರದ ಪುಸ್ತಕ ಮತ್ತು ಪೊಲೀಸರ ಪುಸ್ತಕ ಹಿಡಿದೆವು. ಲೆಕ್ಕ ಮೀನು ಎಣಿಸುವವರದು, ಹಿಡಿದ ಮೀನಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನವು ಎಷ್ಟು ಸಿಕ್ಕವು ಎಂದು ನೋಡಿ ಒಟ್ಟು ಅಂದಾಜು ಮಾಡುವುದು: ಪೊಲೀಸರ ಬಳಿ 100 ಹೆಸರು, ಆಸ್ಪತ್ರೆಯಲ್ಲಿ 200, ಎರಡರಲ್ಲೂ ಇರುವವರು 40 ಎಂದಿಟ್ಟುಕೊಳ್ಳಿ. 100ನ್ನು 200ರಿಂದ ಗುಣಿಸಿ 40ರಿಂದ ಭಾಗಿಸಿದರೆ 500. ಎರಡೂ ಪುಸ್ತಕ ಸೇರಿಸಿದರೆ ಸಿಗುವುದು 260 ಮಂದಿ, ಉಳಿದವರು ಯಾವ ಪುಸ್ತಕದಲ್ಲೂ ಇಲ್ಲ. ಕಾಗದದ ಮೇಲೆ ಸೊಗಸಾಗಿದೆ. ‘ಗುರುತು ಸಿಗದ ಗಂಡಸು, ಸುಮಾರು 30’ ಎಂಬ ಎರಡು ಸಾಲುಗಳು ಒಬ್ಬನವೋ ಇಬ್ಬರವೋ ಎಂದು ತೀರ್ಮಾನಿಸಲು ಮಾತ್ರ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಮೇಲಾಗಿ ಈ ಸೂತ್ರ ಎರಡು ಪುಸ್ತಕಗಳಿಗೆ ಸಂಬಂಧವಿಲ್ಲ ಎಂದು ನಂಬಿಕೊಳ್ಳುತ್ತದೆ. ಪೊಲೀಸರೇ ಗಾಯಾಳುವನ್ನು ಆಸ್ಪತ್ರೆಗೆ ತಂದು ಹಾಕುವ ಕಡೆ ಆ ನಂಬಿಕೆ ಮುರಿದು, ಸಿಗುವ ಮೊತ್ತ ನಿಜಕ್ಕಿಂತ ಕಡಿಮೆಯಾಗುತ್ತದೆ. ವರದಿಯಲ್ಲಿ ಇದನ್ನು ‘ಕನಿಷ್ಠ’ ಎಂದೇ ಬರೆದೆ.

ಮನೆಮನೆ ಸಮೀಕ್ಷೆಯ ಬಗ್ಗೆ ಒಂದೇ ಮಾತು, ಪ್ರಶ್ನೆ ಸರಿಯಿರಬೇಕು. ‘ಪ್ರಜ್ಞೆ ತಪ್ಪಿತ್ತಾ?’ ಎಂದರೆ ಗಂಡಸರು ‘ಇಲ್ಲ’ ಎನ್ನುತ್ತಿದ್ದರು. ‘ನಿಮ್ಮನ್ನು ಎಬ್ಬಿಸಿದವರು ಯಾರು, ಮನೆಗೆ ಹೇಗೆ ಬಂದಿರಿ?’ ಎಂದು ಕೇಳಿದಾಗ ಅರ್ಧ ದಿನವೇ ನೆನಪಿನಿಂದ ಬಿದ್ದುಹೋಗಿರುವುದು ಹೊರಬರುತ್ತಿತ್ತು. ವರ್ಷದ ಹಿಂದಿನ ಸಣ್ಣ ಪೆಟ್ಟುಗಳನ್ನು ಜನ ಮರೆಯುತ್ತಾರೆ ಎಂಬುದನ್ನು ಘಾನಾದ ಸಮೀಕ್ಷೆಯೊಂದು 1999ರಲ್ಲೇ ತೋರಿಸಿತ್ತು. ಅದಕ್ಕೇ ಸಣ್ಣ ಪೆಟ್ಟಿಗೆ ಒಂದು ತಿಂಗಳು, ದೊಡ್ಡದಕ್ಕೆ ಒಂದು ವರ್ಷ ಎಂದು ಎರಡು ಅವಧಿ ಇಟ್ಟುಕೊಂಡೆವು.

ಮೂವತ್ತು ದಿನದ ಫೋನ್ ಕರೆಗಳು ನನ್ನ ಪಾಲಿಗೆ ಕಷ್ಟದ ಕೆಲಸ. ಮೊದಲ ವಾರದ ಎಷ್ಟೋ ಸಂಖ್ಯೆಗಳು ರೋಗಿಯ ಮನೆಯವರದೇ ಅಲ್ಲ, ಅವನನ್ನು ತಂದು ಬಿಟ್ಟ ಬೋಡಾ ಬೋಡಾ ಸವಾರನದು. ಬಾಡಿಗೆ ಬೈಕಿನವನಿಗೆ ಗಾಯಾಳುವಿನ ಹೆಸರೂ ಗೊತ್ತಿರುವುದಿಲ್ಲ. ಆಮೇಲೆ ಪ್ರತಿ ರೋಗಿಗೂ ಮೂರು ಸಂಖ್ಯೆ ತೆಗೆದುಕೊಂಡು, ಎದುರಿಗೇ ಮಿಸ್ಡ್ ಕಾಲ್ ಕೊಟ್ಟು ನೋಡತೊಡಗಿದೆವು. ಕರೆ ಮಾಡುತ್ತಿದ್ದವರು ಆ ಊರಿನ ಭಾಷೆಯವರೇ, ನಾನು ಪಕ್ಕದಲ್ಲಿ ಕೂತು ಫಾರಂ ತುಂಬುತ್ತಿದ್ದೆ. ‘ಕೇಳಿ ಕರೆದೊಯ್ದವರು’ ಗುಂಪಿನಲ್ಲಿ ಸಿಕ್ಕವರ ಪೈಕಿ ಹೆಚ್ಚಿನವರು ವಾರದೊಳಗೇ ತೀರಿಕೊಂಡಿದ್ದರು.

ವೈದ್ಯರೇ ಕಳಿಸಿದವರಿಗೆ ಆರು ತಿಂಗಳಿಗೊಮ್ಮೆ ಕರೆ. ಅದರಲ್ಲೊಬ್ಬ ಬೋಡಾ ಸವಾರ. ನಡೆಯುತ್ತಾನೆ, ಉಣ್ಣುತ್ತಾನೆ, ಯಾರ ಸಹಾಯವೂ ಬೇಡ. ಪೆಟ್ಟಿನ ನಂತರ ಎಷ್ಟು ಚೇತರಿಸಿಕೊಂಡ ಎಂದು ಅಳೆಯುವ ವಿಸ್ತೃತ ಗ್ಲಾಸ್ಗೋ ಫಲಿತಾಂಶ ಮಾಪನದ ಎಂಟು ಮೆಟ್ಟಿಲಲ್ಲಿ ಅವನಿಗೆ ಮೇಲಿನದೇ ಕೊಡಬಹುದು ಎಂದುಕೊಂಡು ಪೆನ್ನು ಎತ್ತಿದ್ದೆ. ಅಷ್ಟರಲ್ಲಿ ಫೋನು ಹೆಂಡತಿಯ ಕೈಗೆ ಹೋಯಿತು. ಅವನು ಬೈಕ್ ಮಾರಿದ್ದ. ಸದ್ದಾದರೆ ಮಕ್ಕಳ ಮೇಲೆ ಕೈ ಮಾಡುತ್ತಿದ್ದ, ತನಗೆ ಗೊತ್ತಿದ್ದ ಓಣಿಯಲ್ಲೇ ದಾರಿ ತಪ್ಪುತ್ತಿದ್ದ. ಆಕೆ ಹೇಳುತ್ತಾ ಹೋದಂತೆ ನಾನು ಒಂದೊಂದೇ ಮೆಟ್ಟಿಲು ಇಳಿದೆ. ಕಡೆಗೆ ಆಕೆ, ಈ ಕಾಯಿಲೆಗೆ ಹೆಸರೇನು ಎಂದು ಕೇಳಿದಳಂತೆ. ಕರೆ ಮಾಡುತ್ತಿದ್ದ ಹುಡುಗಿ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದಳು. ಫಾರಂನಲ್ಲಿ ಆ ಪ್ರಶ್ನೆಗೆ ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆ.