ಟೆಸ್ಟೊಸ್ಟೆರೋನ್ ಚುಚ್ಚುಮದ್ದು: ಪ್ರಮಾಣ, ಅಂತರ ಮತ್ತು ರಕ್ತ ಪರೀಕ್ಷೆಯ ದಿನ

ಗಂಡಿನ ಹಾರ್ಮೋನಾದ ಟೆಸ್ಟೊಸ್ಟೆರೋನ್ ಆರಂಭಿಸಲು ಹೊರಟ ಕಿರಿಯ ಟ್ರಾನ್ಸ್ ಪುರುಷರು, ಅಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಿದ್ದರೂ ಗಂಡಸರಾಗಿ ಬದುಕುವವರು, ನನ್ನನ್ನು ಮೊದಲು ಕೇಳುವುದು ಗಡ್ಡದ ಬಗ್ಗೆ, ಆಮೇಲೆ ದನಿಯ ಬಗ್ಗೆ. ಒಂದು ಚುಚ್ಚುಮದ್ದಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಅಂತರವಿರಬೇಕು, ರಕ್ತವನ್ನು ಯಾವ ದಿನ ಪರೀಕ್ಷೆಗೆ ಕೊಡಬೇಕು ಎಂದು ಕೇಳುವವರು ತೀರ ಕಡಿಮೆ. ಹಲವು ವರ್ಷಗಳಿಂದ ಈ ಹಾರ್ಮೋನು ತೆಗೆದುಕೊಳ್ಳುತ್ತಿರುವ ನನಗೆ ದೇಹಕ್ಕೂ ಮನಸ್ಸಿಗೂ ನೆಮ್ಮದಿ ದೊರೆತದ್ದು ಈ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕ ಮೇಲೆ. ಮುಂದೆ ನನ್ನದೆಂದು ಹೇಳುವ ಪ್ರಮಾಣಗಳನ್ನು ನನ್ನ ವೈದ್ಯರು ನನ್ನ ರಕ್ತದ ವರದಿ ನೋಡಿ ನಿರ್ಧರಿಸಿದ್ದಾರೆ. ಇನ್ನೊಬ್ಬರು ಅವನ್ನು ಹಾಗೆಯೇ ಅನುಸರಿಸಿದರೆ ಸರಿಹೋಗುವುದಿಲ್ಲ.

ಬೆಂಗಳೂರಿನಲ್ಲಿ ನಾನು ಮೊದಲು ಮನೋವೈದ್ಯರನ್ನು, ಅನಂತರ ಹಾರ್ಮೋನು ತಜ್ಞರಾದ ಎಂಡೋಕ್ರಿನಾಲಜಿಸ್ಟರನ್ನು ಕಂಡೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿಯು ನಮ್ಮ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದಿದ್ದರೂ, ಮನೋವೈದ್ಯರ ಪತ್ರ ಕೇಳುವ ರೂಢಿ ಇಲ್ಲಿ ಇನ್ನೂ ಉಳಿದಿದೆ. ಹಾರ್ಮೋನು ತಜ್ಞರು ಮೊದಲ ಭೇಟಿಯಲ್ಲಿಯೇ ಚೀಟಿ ಬರೆದುಕೊಡಲಿಲ್ಲ. ಹಿಮೊಗ್ಲೋಬಿನ್, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಯಕೃತ್ತಿನ ಕಾರ್ಯ, ಕೊಲೆಸ್ಟರಾಲ್, ಸಕ್ಕರೆ, ರಕ್ತದೊತ್ತಡ ಎಲ್ಲವನ್ನೂ ನೋಡಿದರು. ಮುಂದೆ ಎಂದಾದರೂ ಸ್ವಂತ ಮಗು ಬೇಕೆನಿಸಿದರೆ ಎಂದು ಅಂಡಾಣುಗಳನ್ನು ಶೈತ್ಯದಲ್ಲಿರಿಸುವ ಮಾತನ್ನೂ ಎತ್ತಿದರು. ಆಗ ನನಗೆ ಅದು ಕಿರಿಕಿರಿಯೆನಿಸಿದರೂ, ಆರಂಭಕ್ಕೆ ಮುನ್ನವೇ ಕೇಳಬೇಕಾದ ಪ್ರಶ್ನೆ ಅದು. ಅದಕ್ಕೆ ಸೇರಿಕೊಂಡ ಇನ್ನೊಂದು ಎಚ್ಚರಿಕೆಯನ್ನು ಹಲವರು ಕೇಳಿಯೇ ಇರುವುದಿಲ್ಲ: ಟೆಸ್ಟೊಸ್ಟೆರೋನ್ ಗರ್ಭನಿರೋಧಕವಲ್ಲ. ಮುಟ್ಟು ನಿಂತ ಮೇಲೂ ಗರ್ಭ ಕಟ್ಟುವ ಸಾಧ್ಯತೆ ಉಳಿದಿರುತ್ತದೆ, ಮತ್ತು ಬೆಳೆಯುತ್ತಿರುವ ಭ್ರೂಣಕ್ಕೆ ಈ ಹಾರ್ಮೋನು ಹಾನಿಕರ.

ಮಾತ್ರೆ ಬಿಟ್ಟು ಸೂಜಿಯೇ ಏಕೆ ಎಂದು ಅಮ್ಮ ಕೇಳಿದ್ದರು. ಟೆಸ್ಟೊಸ್ಟೆರೋನನ್ನು ನುಂಗಿದರೆ ಅದು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಬಹುಪಾಲು ಅಲ್ಲಿಯೇ ಒಡೆದುಹೋಗುತ್ತದೆ; ಹಾಗಾಗದಂತೆ ಮಾರ್ಪಡಿಸಿದ ಹಳೆಯ ಮೀಥೈಲ್ ಟೆಸ್ಟೊಸ್ಟೆರೋನ್ ಮಾತ್ರೆಗಳಿಂದ ಯಕೃತ್ತಿಗೇ ಅಪಾಯವಿತ್ತು. ಇಂಗ್ಲೆಂಡಿನಲ್ಲಿ 1939ರಲ್ಲಿ ಟೆಸ್ಟೊಸ್ಟೆರೋನ್ ಆರಂಭಿಸಿದ ಮೈಕೆಲ್ ಡಿಲನ್ ಅವರಿಗೆ ಸಿಕ್ಕಿದ್ದು ಮಾತ್ರೆಗಳೇ. ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರಾದ ಅವರು ಮುಂದೆ ವೈದ್ಯರಾಗಿ, ಬೌದ್ಧ ಧರ್ಮದತ್ತ ಒಲಿದು ಭಾರತಕ್ಕೆ ಬಂದು, 1962ರಲ್ಲಿ ಹಿಮಾಚಲದ ಡಾಲ್‌ಹೌಸಿಯಲ್ಲಿ ತೀರಿಕೊಂಡರು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. ಇಂದಿನ ಚುಚ್ಚುಮದ್ದುಗಳಲ್ಲಿ ಹಾರ್ಮೋನಿಗೆ ಎಸ್ಟರ್ ಎಂಬ ಕೊಂಡಿಯನ್ನು ಜೋಡಿಸಿ ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಸ್ನಾಯುವಿನಲ್ಲಿ ನಿಂತ ಎಣ್ಣೆಯಿಂದ ಅದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ.

ನನಗೆ ಮೊದಲು ಬರೆದುಕೊಟ್ಟದ್ದು ಸಸ್ಟಾನಾನ್ 250 ಎಂಬ ಟೆಸ್ಟೊಸ್ಟೆರೋನ್ ಚುಚ್ಚುಮದ್ದು, ಮೂರು ವಾರಕ್ಕೊಮ್ಮೆ. ಅದರ ಒಂದು ಮಿಲಿಲೀಟರಿನಲ್ಲಿ ನಾಲ್ಕು ಎಸ್ಟರ್‌ಗಳಿವೆ: ಪ್ರೊಪಿಯೊನೇಟ್ 30, ಫಿನೈಲ್‌ಪ್ರೊಪಿಯೊನೇಟ್ 60, ಐಸೊಕ್ಯಾಪ್ರೊಯೇಟ್ 60, ಡೆಕನೊಯೇಟ್ 100 ಮಿಲಿಗ್ರಾಂ. ಮೊದಲನೆಯದು ಬೇಗ ಇಳಿಯುತ್ತದೆ, ಕೊನೆಯದು ತಡವಾಗಿ. ಇವೆಲ್ಲ ಕಡಲೆಕಾಯಿ ಎಣ್ಣೆಯಲ್ಲಿರುವುದರಿಂದ, ಕಡಲೆಕಾಯಿ ಒಗ್ಗದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ನಾಲ್ಕನ್ನೂ ಬೆರೆಸಿದರೆ ಮಟ್ಟ ಸಮನಾಗಿರುತ್ತದೆ ಎಂಬುದು ಕೇಳಲು ಚೆನ್ನಾಗಿದೆ, ಆದರೆ ನನ್ನ ದೇಹದಲ್ಲಿ ಹಾಗಾಗಲಿಲ್ಲ. ಮೊದಲ ವಾರ ಮೈ ಬಿಸಿ, ನಿದ್ದೆ ಕಡಿಮೆ, ಮಾತಿನಲ್ಲಿ ಸಿಡುಕು. ಮೂರನೆಯ ವಾರ ಮೆಟ್ಟಿಲು ಹತ್ತಲೂ ಬೇಸರ, ಕೆಲವೊಮ್ಮೆ ಮುಟ್ಟಿನ ಕಲೆ. ಸಂಪು ತುಂಬಿದ ದಿನ ನೀರು ಚೆಲ್ಲಾಡಿ, ಆಮೇಲೆ ಟ್ಯಾಂಕರಿಗಾಗಿ ಕಾಯುವ ಬೆಂಗಳೂರಿನ ಮನೆಯ ಹಾಗಿತ್ತು ನನ್ನ ಸ್ಥಿತಿ.

ರಕ್ತ ಪರೀಕ್ಷೆಯ ದಿನ ಮುಖ್ಯವಾಗುವುದು ಇಲ್ಲಿಯೇ. ಚುಚ್ಚಿಸಿಕೊಂಡ ಎರಡು ಮೂರು ದಿನಕ್ಕೆ ಕೊಟ್ಟ ರಕ್ತದಲ್ಲಿ ಟೆಸ್ಟೊಸ್ಟೆರೋನ್ ಡೆಸಿಲೀಟರಿಗೆ 1000 ನ್ಯಾನೊಗ್ರಾಂ ದಾಟಿತ್ತು. ಮುಂದಿನ ಸೂಜಿಯ ಹಿಂದಿನ ದಿನ ಕೊಟ್ಟಾಗ 300ಕ್ಕಿಂತ ಕೆಳಗಿತ್ತು. ಮೊದಲನೆಯದನ್ನು ಮಾತ್ರ ನೋಡಿದ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಎರಡನೆಯದನ್ನು ಮಾತ್ರ ನೋಡಿದವರು ಏರಿಸುತ್ತಾರೆ, ಮತ್ತು ಇಬ್ಬರೂ ನನ್ನ ತೊಂದರೆಯನ್ನು ಮುಟ್ಟುವುದಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಎನಾಂಥೇಟ್ ಮತ್ತು ಸಿಪಿಯೊನೇಟ್ ಎಂಬ ಬೇರೆ ಎಸ್ಟರ್‌ಗಳ ಚುಚ್ಚುಮದ್ದುಗಳಿಗೆ ಎರಡು ಸೂಜಿಗಳ ನಟ್ಟನಡುವಿನ ದಿನ ರಕ್ತ ತೆಗೆದು, 400ರಿಂದ 700ರ ನಡುವೆ ಇದೆಯೇ ಎಂದು ನೋಡಬೇಕೆನ್ನುತ್ತದೆ. ನನ್ನ ವೈದ್ಯರು ಸಸ್ಟಾನಾನಿಗೂ ಅದೇ ಕ್ರಮ ಹಿಡಿದು, ಅಂತರವನ್ನು ಕಿರಿದುಗೊಳಿಸಿ ಪ್ರತಿಸಲದ ಪ್ರಮಾಣವನ್ನು ಅರ್ಧಕ್ಕಿಳಿಸಿದರು. ಒಡೆದ ಆಂಪೂಲಿನಲ್ಲಿ (ಔಷಧದ ಸಣ್ಣ ಗಾಜಿನ ಶೀಸೆಯಲ್ಲಿ) ಉಳಿದ ಔಷಧವನ್ನು ಮುಂದಿನ ಸಲಕ್ಕೆ ಎತ್ತಿಡುವಂತಿಲ್ಲ, ಚೆಲ್ಲಲೇಬೇಕು. ಆ ನಷ್ಟ ಸಹಿಸಿಕೊಂಡೆ, ಏಕೆಂದರೆ ತಿಂಗಳೊಳಗೆ ಸಿಡುಕೂ ಆಯಾಸವೂ ತಗ್ಗಿದವು. ಪ್ರಮಾಣ ಏರಿಸಿದರೆ ಗಡ್ಡ ಬೇಗ ಬರುತ್ತದೆ ಎಂದು ಜಿಮ್ಮಿನ ಗೆಳೆಯರ ಮಾತು ಕೇಳಿ ತಾವೇ ಹೆಚ್ಚಿಸಿಕೊಳ್ಳುವವರಿದ್ದಾರೆ. ಗಡ್ಡದ ದಟ್ಟಣೆಯನ್ನು ಬಹುಮಟ್ಟಿಗೆ ವಂಶವಾಹಿಗಳು ತೀರ್ಮಾನಿಸುತ್ತವೆ, ಮತ್ತು ಹೆಚ್ಚಾದ ಟೆಸ್ಟೊಸ್ಟೆರೋನಿನ ಒಂದು ಪಾಲನ್ನು ದೇಹವೇ ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜನ್ ಆಗಿ ಮಾರ್ಪಡಿಸುತ್ತದೆ.

ಚುಚ್ಚಿಕೊಳ್ಳುವುದನ್ನು ಮೊದಲು ಕ್ಲಿನಿಕ್ಕಿನ ನರ್ಸ್ ಒಬ್ಬರಿಂದ, ಅವರ ಕಣ್ಣೆದುರಿಗೇ ಕಲಿತೆ. ಪೃಷ್ಠದಲ್ಲಿ ಕಾಲಿಗಿಳಿಯುವ ದೊಡ್ಡ ಸಯಾಟಿಕ್ ನರವಿರುವುದರಿಂದ ಅಲ್ಲಿ ತಾನೇ ಚುಚ್ಚಿಕೊಳ್ಳುವ ಸಾಹಸ ಬೇಡ. ತೊಡೆಯ ಹೊರಬದಿಯ ನಡುಭಾಗ ಸುಲಭ, ಕಣ್ಣಿಗೂ ಕಾಣುತ್ತದೆ. ಎಣ್ಣೆ ಮಂದವಾದ್ದರಿಂದ ಆಂಪೂಲನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡುತ್ತೇನೆ. ದಪ್ಪ ಸೂಜಿಯಲ್ಲಿ ಎಳೆದು, ಅದನ್ನು ತೆಗೆದು, 23 ಗೇಜಿನ ತೆಳು ಸೂಜಿ ಹಾಕುತ್ತೇನೆ. ಸ್ಪಿರಿಟ್ ಒರೆಸಿದ ಚರ್ಮ ಪೂರ್ತಿ ಒಣಗಿದ ಮೇಲೆ ನೇರವಾಗಿ ಚುಚ್ಚಿ ಬಹಳ ನಿಧಾನವಾಗಿ ಒತ್ತುತ್ತೇನೆ. ಅವಸರ ಮಾಡಿದರೆ ಮರುದಿನ ಕುಂಟಬೇಕಾಗುತ್ತದೆ. ಒಂದು ಸಲ ಎಡ ತೊಡೆ, ಮುಂದಿನ ಸಲ ಬಲ. ಬಳಸಿದ ಸೂಜಿಯನ್ನು ಮನೆಯ ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸುತ್ತೇನೆ.

ಬದಲಾವಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಮದ ಜಿಡ್ಡು ಮತ್ತು ಮೊಡವೆ ಮೊದಲು ಬಂದವು, ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುವ ಮುಟ್ಟು ನನ್ನಲ್ಲಿ ಪ್ರಮಾಣ ಸರಿಯಾದ ಮೇಲೆ ನಿಂತಿತು, ದನಿ ಒಡೆದು ಇಳಿಯಿತು. ಗಡ್ಡ ಪೂರ್ತಿ ತುಂಬಲು ನಾಲ್ಕೈದು ವರ್ಷವೇ ಬೇಕಾಗಬಹುದು. ಇಳಿದ ದನಿ, ಮೂಡಿದ ಗಡ್ಡ, ಉದುರಿದ ತಲೆಗೂದಲು ಔಷಧ ನಿಲ್ಲಿಸಿದರೂ ಹಿಂದಿನಂತಾಗುವುದಿಲ್ಲ.

ಕಣ್ಣಿಗೆ ಕಾಣದ ಬದಲಾವಣೆಯೊಂದಿದೆ. ಟೆಸ್ಟೊಸ್ಟೆರೋನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ರಕ್ತ ಮಂದವಾದರೆ ಹೆಪ್ಪುಗಟ್ಟುವ ಭಯ. ಆದ್ದರಿಂದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಹೆಮಟೊಕ್ರಿಟ್ ನೋಡಿಸಬೇಕು. 54 ಶೇಕಡಾ ಮೀರಿದರೆ ಪ್ರಮಾಣವನ್ನು ತಗ್ಗಿಸುವುದೋ ತಡೆಹಿಡಿಯುವುದೋ ಅನಿವಾರ್ಯ. ಸಿಗರೇಟು ಸೇದುವವರಲ್ಲಿ ಇದು ಇನ್ನೂ ಏರುತ್ತದೆ, ನಾನು ಸಿಗರೇಟು ಬಿಟ್ಟದ್ದು ಆ ವರದಿಯ ದೆಸೆಯಿಂದಲೇ. ಬೇರೆ ದೇಶಗಳಲ್ಲಿ ಹೆಮಟೊಕ್ರಿಟ್ ಏರಿದವರಿಗೆ ರಕ್ತದಾನ ಮಾಡಿ ಎನ್ನುವುದುಂಟು. ನಮ್ಮಲ್ಲಿ ರಕ್ತದಾನಿಗಳ ಆಯ್ಕೆಗೆಂದು 2017ರಲ್ಲಿ ಬಂದ ಮಾರ್ಗಸೂಚಿಯು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೇ ದಾನದಿಂದ ಹೊರಗಿಟ್ಟಿತು.

ಕೆಲವು ವರ್ಷಗಳ ಬಳಿಕ ಟೆಸ್ಟೊಸ್ಟೆರೋನ್ ಅಂಡೆಕನೊಯೇಟ್ ಎಂಬ, ಇನ್ನೂ ನಿಧಾನವಾಗಿ ಇಳಿಯುವ ಎಸ್ಟರಿನ ಚುಚ್ಚುಮದ್ದಿಗೆ ಬದಲಾದೆ. 1000 ಮಿಲಿಗ್ರಾಂ, ನಾಲ್ಕು ಮಿಲಿಲೀಟರ್ ಎಣ್ಣೆ. ಮೊದಲ ಎರಡರ ನಡುವೆ ಆರು ವಾರ, ಮುಂದೆ ಸುಮಾರು ಹನ್ನೆರಡು ವಾರಕ್ಕೊಮ್ಮೆ. ಬೆಲೆ ಹೆಚ್ಚು, ಏರಿಳಿತ ಕಡಿಮೆ. ಇದನ್ನು ಮನೆಯಲ್ಲಿ ಚುಚ್ಚಿಕೊಳ್ಳುವಂತಿಲ್ಲ: ಪೃಷ್ಠದ ಸ್ನಾಯುವಿನ ಆಳಕ್ಕೆ ಬಹು ನಿಧಾನವಾಗಿ ಕೊಡಬೇಕು, ಮತ್ತು ಎಣ್ಣೆಯ ಕಣಗಳು ಶ್ವಾಸಕೋಶಕ್ಕೆ ಸೇರಿ ಕೆಮ್ಮು, ಉಸಿರುಕಟ್ಟು ತರುವುದು ಅಪರೂಪಕ್ಕಾದರೂ ಇರುವುದರಿಂದ ಅರ್ಧ ಗಂಟೆ ಆಸ್ಪತ್ರೆಯಲ್ಲಿಯೇ ಕೂರಿಸುತ್ತಾರೆ. ಇದಕ್ಕೆ ರಕ್ತ ಕೊಡುವ ದಿನವೂ ಬೇರೆ. ಮುಂದಿನ ಸೂಜಿಗೆ ಸ್ವಲ್ಪ ಮುಂಚೆ ನೋಡಬೇಕು. ಪರೀಕ್ಷೆಯ ಚೀಟಿಯ ಮೇಲೆ ಕೊನೆಯ ಸೂಜಿಯ ತಾರೀಖನ್ನು ನಾನೇ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ.

ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆಸಿಕೊಂಡ ಮೇಲೆ ನನ್ನ ಲೆಕ್ಕ ಬದಲಾಯಿತು. ಅಂಡಾಶಯಗಳಿದ್ದಾಗ ಔಷಧ ತಪ್ಪಿದರೆ ಹಳೆಯ ಹಾರ್ಮೋನು ಮರಳುತ್ತದೆ, ಮುಟ್ಟೂ ಮರಳಬಹುದು. ಅವು ಇಲ್ಲವಾದ ಮೇಲೆ ತಪ್ಪಿದರೆ ದೇಹದಲ್ಲಿ ಯಾವ ಲೈಂಗಿಕ ಹಾರ್ಮೋನೂ ಸಾಕಷ್ಟು ಇರುವುದಿಲ್ಲ, ಮೂಳೆಗಳು ಸವೆಯತೊಡಗುತ್ತವೆ. ಆದ್ದರಿಂದ ಈಗ ವೈದ್ಯರ ಸಲಹೆಯಂತೆ ಮೂಳೆಯ ಸಾಂದ್ರತೆಯನ್ನೂ ಪರೀಕ್ಷಿಸಿಕೊಳ್ಳುತ್ತೇನೆ, ವಿಟಮಿನ್ ಡಿ ಕೊರತೆ ಕಂಡಾಗ ಮಾತ್ರೆ ತೆಗೆದುಕೊಳ್ಳುತ್ತೇನೆ. ವೈದ್ಯರ ಚೀಟಿಯಿಲ್ಲದೆ ಈ ಔಷಧವನ್ನು ಮಾರುವಂತಿಲ್ಲವಾದ್ದರಿಂದ, ಚೀಟಿಯಲ್ಲಿನ ಹೆಸರು ಗುರುತಿನ ಚೀಟಿಗೆ ಹೊಂದುವಂತೆ ಬರೆಸಿಕೊಂಡು, ಸೂಜಿಯ ದಿನಕ್ಕೆ ಎರಡು ವಾರ ಮೊದಲೇ ಮೆಡಿಕಲ್ ಸ್ಟೋರಿನವರಿಗೆ ಹೇಳಿ ತರಿಸಿಡುತ್ತೇನೆ.